ದುಂಡಗಾದ ಕಲ್ಲು

ಮಗಳೇ,

ನಾನು ಈ ಮನೆಯ ಯಜಮಾನಿ. ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವ ಪದ್ಧತಿ ನನ್ನಲ್ಲಿಲ್ಲ. ನನ್ನ ಮಗ ತೀರಿಕೊಂಡನೆಂದು ನೀನು ನಿಶ್ಚಿತಾರ್ಥದ ಉಂಗುರ ವಾಪಸು ಕಳಿಸಿದ್ದು ನನಗೆ ಹಿಡಿಸಲಿಲ್ಲ.

ಅದರ ಚೌಕದ ಕಲ್ಲು ನನ್ನ ಅತ್ತೆಯದು. "ಆಸ್ಪತ್ರೆಯಲ್ಲಿ ಕೂಸುಗಳನ್ನ ಮೀಯಿಸ್ತೀನಿ ಅತ್ತೆ, ಮೂಲೆ ತಾಗಿದ್ರೆ ಮೈ ಗೀರುತ್ತೆ. ದುಂಡಗಿನ ಕಲ್ಲು ಇರ್ಲಿ" ಎಂದು ನೀನು ಅಂದೆ. ನಾನು ಒಪ್ಪಲಿಲ್ಲ. "ನಮ್ಮಮ್ಮನಿಗಿಂತ ಆ ಕಲ್ಲೇ ಮೆತ್ತಗಿದೆ ಬಿಡು" ಎಂದು ಅವನು ನಕ್ಕ. ಈಗ ನನ್ನನ್ನು ಗೇಲಿ ಮಾಡುವವರು ಮನೆಯಲ್ಲಿ ಯಾರೂ ಇಲ್ಲ.

ಉಂಗುರ ಈ ಪತ್ರದ ಜೊತೆಗಿದೆ. ನೀನು ಬೇರೆಯವನನ್ನು ಮದುವೆಯಾದರೂ ನನ್ನ ಅಡ್ಡಿಯಿಲ್ಲ, ಇದು ನಿನ್ನದೇ. ಕೂಸು ಮೀಯಿಸುವಾಗ ತೆಗೆದಿಡಬೇಕಾಗಿಲ್ಲ. ಸಾಣೆ ಹಿಡಿಯುವವನ ಎದುರಿಗೇ ಕೂತು ನಾಲ್ಕೂ ಮೂಲೆ ತೆಗೆಸಿದ್ದೇನೆ.

ಅವನ ಅಮ್ಮ