ಆಸ್ಪತ್ರೆಯಲ್ಲಿ ಕಂಡವರು

ಹೆಬ್ಬಾಳ
೧೪-೨-೧೯೬೪

ಶ್ರೀ ಮುನಿವೆಂಕಟಯ್ಯನವರಿಗೆ ನಮಸ್ಕಾರ.

ನನ್ನ ವಿದ್ಯಾರ್ಥಿನಿ ಪುಟ್ಟಲಕ್ಷ್ಮಿಯೊಂದಿಗೆ ನಿಮ್ಮ ಮಗನಿಗೆ ಗೊತ್ತುಮಾಡಿದ್ದ ಮದುವೆಯನ್ನು ಮುರಿದಿರಿ. ‘ಹುಡುಗಿ ಹುಚ್ಚಾಸ್ಪತ್ರೇಲಿ ಕೂತಿದ್ಲು, ಕಣ್ಣಾರೆ ಕಂಡೆ’ ಎಂದು ಯಲಹಂಕದಲ್ಲೆಲ್ಲ ಹೇಳುತ್ತಿದ್ದೀರಂತೆ. ನಿಜ, ಕೂತಿದ್ದಳು. ಮನಃಶಾಸ್ತ್ರದ ಪಾಠಕ್ಕೆಂದು ಇಡೀ ತರಗತಿಯನ್ನು ಅಲ್ಲಿಗೆ ಕರೆದೊಯ್ದಿದ್ದೆ. ಅದನ್ನೂ ಊರವರಿಗೆ ನೀವೇ ಹೇಳಿ. ಅವಳ ತಂದೆ ಓದು ಬಿಡಿಸಲು ಹೊರಟಿದ್ದಾರೆ.

ಹಿಂದೆ ಕಾಲೇಜಿಗೆ ಬಂದು ಅವಳ ನಡತೆ ವಿಚಾರಿಸಿದವರು ನೀವು. ಹಾಗಾಗಿ ಅಂದು ಆಸ್ಪತ್ರೆಯಲ್ಲಿ ನೀವು ಮಗನ ಕೈ ಹಿಡಿದು ಡಾಕ್ಟರ ಕೋಣೆಯಿಂದ ಹೊರಬಂದಾಗ ನನಗೂ ಗುರುತು ಸಿಕ್ಕಿತು. ಅಲ್ಲಿ ಕಂಡವರ ಹೆಸರನ್ನು ಹೊರಗೆ ಎತ್ತಬಾರದೆಂದು ಹುಡುಗಿಯರಿಂದ ಮಾತು ತೆಗೆದುಕೊಂಡಿದ್ದೆ. ಪುಟ್ಟಲಕ್ಷ್ಮಿ ತಂದೆಯಿಂದ ಏಟು ತಿಂದರೂ ಆ ಮಾತು ಉಳಿಸಿಕೊಂಡಿದ್ದಾಳೆ.

ಮಗನ ಔಷಧಿ ನಿಲ್ಲಿಸಬೇಡಿ.

ಇತಿ,
ಕನಕವಲ್ಲಿ
ಮನಃಶಾಸ್ತ್ರ ಅಧ್ಯಾಪಕಿ