ಬಾಗಿಲಿಗೆ ಬೆನ್ನು

ಜೂನ್ ೧೪, ಶನಿವಾರ. ಮಲೇಷ್ಯಾದ ಸುಬಾಂಗ್ ಜಯಾ, ಮಗಳ ಮನೆ.

ಊರಿನಿಂದ ಪಕ್ಷದ ಕಾಶಪ್ಪನ ಫೋನು. "ಸಾಹೇಬ್ರ, ಈ ಸಲಾನೂ ಟಿಕೆಟ್ ನಿಮಗೇ ಪಕ್ಕಾ ಆಗ್ಯಾದ. ಹೂಂ ಅಂದ್ರ ಸಾಕ್ರಿ." ನಾಳೆ ಉತ್ತರ ಕೊಡಬೇಕು.

ಗಡಿಯಲ್ಲಿ ಫೌಜದಾರನಾಗಿದ್ದಾಗ ಅಂಟಿದ ಚಾಳಿ, ಶಾಸಕನಾದ ಮೇಲೂ ಬಿಡಲಿಲ್ಲ: ಎಲ್ಲಿ ಕೂತರೂ ಗೋಡೆಗೆ ಬೆನ್ನು, ಬಾಗಿಲ ಮೇಲೆ ಕಣ್ಣು. ಮಗಳ ಮದುವೆಯ ಊಟವನ್ನೂ ಹಾಗೇ ಉಂಡವನು ನಾನು.

ಸಂಜೆ ರಸ್ತೆ ಬದಿಯ ಮಾಮಕ್ ಚಹಾದಂಗಡಿಯಲ್ಲಿ ಮೊಮ್ಮಗಳು ಇಂಚರ ಗೋಡೆಯ ಕಡೆಯ ಕುರ್ಚಿ ಹಿಡಿದುಬಿಟ್ಟಳು. ನಾನು ರಸ್ತೆಗೆ ಬೆನ್ನು ಹಾಕಿ ಕೂತೆ. ಬೈಕಿನ ಸದ್ದಾದಾಗಲೆಲ್ಲ ತಿರುಗಿ ನೋಡುತ್ತಿದ್ದೆ.

"ಅಜ್ಜಾ, ಹೂ ಈಸ್ ಕಮಿಂಗ್?"

"ಯಾರೂ ಇಲ್ಲವ್ವಾ."

ಅಂದ ಮೇಲೆಯೇ ನನಗೂ ಅದು ಗೊತ್ತಾದದ್ದು. ಚಹಾದ ನೊರೆ ಮೆಲ್ಲಗೆ ಇಳಿಯುತ್ತಿತ್ತು. ಬೆನ್ನ ಮೇಲೆ ಇಳಿಬಿಸಿಲು. ನನಗೆ ಕಾಣದ ರಸ್ತೆ ಹಿಂದೆ ಹೊಳೆಯ ಹಾಗೆ ಹರಿಯುತ್ತಿತ್ತು, ನಾನು ಅದರಲ್ಲಿ ಎಲ್ಲಿಗೋ ತೇಲುತ್ತಿದ್ದೆ. ಹಿಂದಿನಿಂದ ಯಾರೋ ಹೆಗಲು ಮುಟ್ಟಿದರು. ಬೆಚ್ಚಲಿಲ್ಲ. ಅಂಗಡಿಯವನು ರೊಟ್ಟಿ ತಂದಿದ್ದ.

ಹೂಂ ಅಂದರೆ ಈ ಬೆನ್ನು ನಾಳೆಯಿಂದಲೇ ಮತ್ತೆ ಗೋಡೆ ಹುಡುಕುತ್ತದೆ. ಕಾಶಪ್ಪನಿಗೆ ಇದನ್ನು ಹೇಗೆ ಹೇಳಲಿ, ನಕ್ಕಾನು...

ಕಣ್ಣು ಎಳೆಯುತ್ತಿದೆ. ಕೋಣೆಯ ಚಿಲಕ ಹಾಕಿಲ್ಲ. ಇರಲಿ.