ಐದು ಕಂಪ್ಯೂಟರಿಗೆ ಒಂದೇ ನಂಬರು

ಮೇ ೧೪, ಗುರುವಾರ

ಮನೆಯ ಮುಂದಿನ ಕೋಣೆಯ ನನ್ನ ಕಂಪ್ಯೂಟರ್ ಆಟದಂಗಡಿಯಲ್ಲಿ ಐವರು ಕೂತರೆ ಒಬ್ಬೊಬ್ಬರೇ ಆಟದಿಂದ ಹೊರಬೀಳುತ್ತಿದ್ದದ್ದು ರೂಟರಿನ ತಪ್ಪಲ್ಲ. ರಿಪೇರಿಗೆಂದು ಬಂದ ಎದುರಂಗಡಿಯ ರುಫಿನೋ ಬೇಕೆಂದೇ ಐದೂ ಕಂಪ್ಯೂಟರಿಗೆ ಒಂದೇ ನೆಟ್‌ವರ್ಕ್ ನಂಬರು ಕೊಟ್ಟು ಹೋಗಿದ್ದ. ಸೊಸೆ ಮರಿವಿಕ್ ಇವತ್ತು ಕಂಡುಹಿಡಿದಳು.

"ಐದು ಮನೆಗೆ ಒಂದೇ ಡೋರ್ ನಂಬರ್ ಅತ್ತೆ, ಅಂಚೆಯವನು ಏನ್ ಮಾಡ್ತಾನೆ ಪಾಪ?"

ನಂಬರು ಬದಲಿಸಿದಳು. ಸಂಜೆಯವರೆಗೆ ಯಾರೂ ಹೊರಬೀಳಲಿಲ್ಲ.

ಎರಡು ತಿಂಗಳಿಂದ ನನ್ನ ಗಿರಾಕಿಗಳೆಲ್ಲ ಎದುರಿಗೆ, ರುಫಿನೋನ ಆಟದಂಗಡಿಯಲ್ಲಿ. "ಮೆಷಿನ್ನಿಗೂ ವಯಸ್ಸಾಯ್ತಲ್ಲ ಅಕ್ಕಾ, ನಿನ್ ಹಾಗೇ" ಎಂದು ಹಲ್ಲು ಕಿರಿದಿದ್ದ.

ಭಾನುವಾರ ಅವನ ಮೊಮ್ಮಗಳ ಜ್ಞಾನಸ್ನಾನ. ನಾನೇ ಧರ್ಮತಾಯಿ. ಹೋಗಬೇಡಿ ಎನ್ನುತ್ತಾಳೆ ಮರಿವಿಕ್. ಹೋಗುತ್ತೇನೆ. ಮಗುವನ್ನು ಎತ್ತಿಕೊಂಡೇ, ಔತಣಕ್ಕೆ ಇಡಿಯಾಗಿ ಸುಟ್ಟ ಲೆಚೋನ್ ಹಂದಿಗೆ ಕತ್ತಿ ಹಾಕುವ ಮೊದಲು ಎದ್ದು ನಿಂತು, ನಮ್ಮ ತೊಂಡೋ ಪೇಟೆಯ ಇಡೀ ಬೀದಿಯೆದುರು ಅವನ ಒಂದೇ ನಂಬರಿನ ರಿಪೇರಿಯನ್ನು ಬಿಡಿಸಿ ಬಿಡಿಸಿ ಹೊಗಳುತ್ತೇನೆ. ಪಾದ್ರಿಯನ್ನೂ ಊಟಕ್ಕೆ ಉಳಿಸಿಕೊಳ್ಳಬೇಕು. ನಿದ್ದೆಗೆ ಕಣ್ಣು ಎಳೆಯುತ್ತಿದೆ, ಆದರೆ ಅವತ್ತು ಮಾಮೂಲಿ ಉಡುಪು ಯಾವುದೂ ಬೇಡ, ಪೆಟ್ಟಿಗೆಯಲ್ಲಿರುವ ಆ ಕೆಂಪು ಗೌನೇ…